ಬಾಗಿಲ ಪಕ್ಕದ ಮೂರು ಬೆರಳು

ನದಿ ದಂಡೆ ಮೇಲೆ ಒಂದು ಮಠ ಇತ್ತು. ಅವತ್ತು ಮಧ್ಯಾಹ್ನ ಶಿಷ್ಯ ಚನ್ನಮಲ್ಲ ಓಡಿ ಬಂದ ನೋಡಿ, ಹೆಂಗೆ ಓಡಿ ಬಂದ ಅಂದ್ರೆ ಒಂದು ಕಾಲಿನ ಮೆಟ್ಟು ಎಲ್ಲಿ ಬಿತ್ತು ಅಂತಾನೂ ಅವನಿಗೆ ಗೊತ್ತಿಲ್ಲ.

ಗುರುಗಳು ಜಗಲಿ ಮೇಲೆ ಕೂತು ಸೊಪ್ಪು ಬಿಡಿಸ್ತಿದ್ರು.

"ಬುದ್ಧಿ, ಬಯಲಪ್ಪನ ಮನೆ ಸುಟ್ಟಿದ್ದು ಯಾರು ಅಂತ ಗೊತ್ತಾಯ್ತು," ಅಂದ.

ಬಯಲಪ್ಪ ಅಂದ್ರೆ ಆಚೆ ದಡದ ನೇಕಾರ. ದೇವರಿಗೆ ರೂಪಾನೇ ಇಲ್ಲ ಅಂತ ತತ್ವಪದ ಹಾಡ್ಕೊಂಡು ಮಗ್ಗ ನಡೆಸ್ತಿದ್ದ. ಮೂರು ದಿನದ ಹಿಂದೆ ಯಾರೋ ಅವನ ಮನೆಗೆ ಬೆಂಕಿ ಇಟ್ರು. ಜೀವ ಉಳೀತು, ಎರಡು ಕೈಯೂ ಸುಟ್ಟು ಹೋದ್ವು. ಅವತ್ತಿಂದ ಎರಡೂ ದಡದಲ್ಲಿ ಹಗಲಲ್ಲೇ ಅಗಳಿ ಹಾಕ್ಕೊಳ್ತಾರೆ. ಬಾಗಿಲು ತಟ್ಟಿದ್ರೆ ಒಳಗಿಂದ ಯಾರು, ಯಾರು ಅಂತ ಮೂರು ಸಲ ಕೇಳ್ತಾರೆ.

"ಯಾರಂತೆ?" ಅಂದ್ರು ಗುರುಗಳು.

"ಇನ್ಯಾರು, ನಮ್ಮ ಛತ್ರದಲ್ಲೇ ಇದಾನಲ್ಲ ಆ ಮುದುಕ. ಅಳಸಿಂಗ್ರಯ್ಯ."

ಅಳಸಿಂಗ್ರಯ್ಯ ಮಠದ ಪಕ್ಕದ ಛತ್ರದಲ್ಲಿ ಇಳ್ಕೊಂಡು ಎರಡು ವರ್ಷ ಆಗಿತ್ತು. ಭಾರಿ ಮಡಿ. ಅಡುಗೆ ತಾನೇ ಮಾಡ್ಕೋಬೇಕು, ಒಲೆ ಸುತ್ತ ಅಕ್ಕಿಹಿಟ್ಟಲ್ಲಿ ಗೆರೆ ಎಳ್ಕೋಬೇಕು, ಆ ಗೆರೆ ಯಾರೂ ದಾಟೋ ಹಂಗಿಲ್ಲ. ಗುರುಗಳು ಕೊಟ್ಟ ನೀರನ್ನೂ ಕುಡೀತಿರಲಿಲ್ಲ. ತಮ್ಮ ಒಂದು ಗ್ರಂಥ ಬಿಟ್ರೆ ಲೋಕದಲ್ಲಿ ಬೇರೆ ಎಲ್ಲಾ ಸುಳ್ಳು ಅನ್ನೋರು. ಬಯಲಪ್ಪ ಸೀದಾ ನರಕಕ್ಕೆ ಹೋಗ್ತಾನೆ ಅಂತ ನದಿ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳೋ ಹಂಗೆ ಹೇಳಿದ್ರು.

"ನಿನಗೆ ಯಾರು ಹೇಳಿದ್ದು?"

"ಮಾದೇವು."

ಮಾದೇವು ಆಚೆ ದಡದವನು. ಎಷ್ಟು ಒಳ್ಳೇವನು ಅಂದ್ರೆ ಎಲ್ಲರ ಜೊತೆ ಕೂತು ಉಣ್ತಾನೆ, ಎಲ್ಲರನ್ನೂ ಅಣ್ಣ, ಅಕ್ಕ ಅಂತಾನೆ, ಮಠಕ್ಕೆ ಸೌದೆ ಹೊತ್ತು ತಂದು ಹಾಕ್ತಾನೆ. ಹೊಸದಾಗಿ ಒಂದು ಭಜನೆ ಕೂಟ ಕಟ್ಟಿದ್ದ. ಅವನೇ ಬೆಳಿಗ್ಗೆ ಚನ್ನಮಲ್ಲನ ಹೆಗಲ ಮೇಲೆ ಕೈ ಹಾಕಿ ಹೇಳಿದ್ದಂತೆ. ಛತ್ರದ ಎಂಟು ಕೋಣೆಗೂ ಒಂದೇ ಥರದ ಬಾಗಿಲು, ಮುದುಕನದು ಯಾವುದು ಅಂತ ನಮ್ಮೋರಿಗೆ ಗೊತ್ತಾಗಲ್ಲ, ನೀನು ಗುರುತು ಹಾಕು ಸಾಕು, ಮಿಕ್ಕಿದ್ದು ದೀಪ ಹಚ್ಚೋ ಹೊತ್ತಿಗೆ ನಾವು ನೋಡ್ಕೋತೀವಿ ಅಂತ.

"ಹಾಕಿದ್ಯಾ?"

"ಹಾಕ್ದೆ ಬುದ್ಧಿ. ಕೆಮ್ಮಣ್ಣಲ್ಲಿ ಮೂರು ಬೆರಳು ಎಳೆದು ಕೆಳಗೊಂದು ಬೊಟ್ಟು. ಅವನು ಹೇಳಿದ ಹಂಗೇ."

ಗುರುಗಳು ಸೊಪ್ಪು ಕೆಳಗಿಟ್ರು. ಹರಿಗೋಲು ಬಿಚ್ಚು ಅಂದ್ರು.

ನದಿ ದಾಟೋವರೆಗೂ ಚನ್ನಮಲ್ಲ ಒಂದೇ ಸಮ ಮಾತಾಡ್ದ, ಹೆದರಿಕೆ ಆದಾಗ ಅವನ ಬಾಯಿ ನಿಲ್ಲಲ್ಲ.

ಬಯಲಪ್ಪನ ಮನೆ ಹುಲ್ಲಿನ ಸೂರು ಪೂರ್ತಿ ಹೋಗಿತ್ತು. ಮಗ್ಗ ಇದ್ದ ಕಡೆ ಕರೀ ಕಡ್ಡಿಗಳು. ಬಾಗಿಲ ಪಕ್ಕದ ಸುಣ್ಣದ ಗೋಡೆ ಒಂದು ತುಂಡು ನಿಂತಿತ್ತು. ಗುರುಗಳು ಹೆಗಲ ಮೇಲಿನ ವಸ್ತ್ರದಲ್ಲಿ ಅದರ ಮಸಿ ಒರೆಸಿದ್ರು.

ಮೂರು ಬೆರಳು. ಕೆಳಗೊಂದು ಬೊಟ್ಟು.

ಚನ್ನಮಲ್ಲ ತನ್ನ ಕೈ ನೋಡ್ಕೊಂಡ. ಉಗುರಲ್ಲಿ ಇನ್ನೂ ಕೆಮ್ಮಣ್ಣು ಇತ್ತು.

"ಹಂಗಾದ್ರೆ ಬಯಲಪ್ಪನ ಮನೆ ಸುಟ್ಟಿದ್ದು ಮಾದೇವು ಕಡೆಯೋರೇ. ಅಳಸಿಂಗ್ರಯ್ಯನ್ನೂ ಯಾಕೆ ಸುಡ್ಬೇಕು ಬುದ್ಧಿ?"

"ಅವರ ಭಜನೆಗೆ ಇಬ್ರೂ ಹೋಗ್ಲಿಲ್ಲ."

ವಾಪಸ್ ಬರೋವಾಗ ಅವನು ಹುಟ್ಟು ಒಂದೇ ಕಡೆ ಹಾಕ್ತಿದ್ದ, ಹರಿಗೋಲು ನಿಂತಲ್ಲೇ ಸುತ್ತು ಹೊಡೀತಿತ್ತು. ಆದ್ರೂ ಅವನಿಗೆ ಸಮಾಧಾನ ಇಲ್ಲ.

"ಅಳಸಿಂಗ್ರಯ್ಯ, ಮಾದೇವು, ಇಬ್ರೂ ತಮ್ದೇ ನಿಜ ಅಂತಾರೆ. ಇಬ್ರೂ ಒಂದೇ ಅಲ್ವಾ?"

"ಅಳಸಿಂಗ್ರಯ್ಯ ಗೆರೆ ಎಳೆದು ಯಾರನ್ನ ಒಳಗೆ ಕೂರಿಸ್ತಾನೆ?"

"ತಾನೊಬ್ನೇ ಕೂರ್ತಾನೆ."

"ಮಾದೇವು?"

"ಎಲ್ಲರನ್ನೂ. ಬರದೇ ಇದ್ರೆ ಬೆಂಕಿ ಇಡ್ತಾನೆ," ಅಂದ ಚನ್ನಮಲ್ಲ. ಸ್ವಲ್ಪ ದೂರ ಬಂದ್ಮೇಲೆ ಮತ್ತೆ ಶುರು ಮಾಡ್ದ. ಹೂ ಮಾರೋ ಕೆಂಪವ್ವ ಬಿಸಿಲಲ್ಲಿ ಒಂದು ಗಳಿಗೆ ಛತ್ರದ ಜಗಲಿ ಮೇಲೆ ಕೂತಿದ್ದಕ್ಕೆ ಮುದುಕ ಎಬ್ಬಿಸಿ ಕಳಿಸಿದ್ದು, ಅವಳು ದಾರೀಲಿ ಅತ್ಕೊಂಡು ಹೋಗಿದ್ದು, ಎಲ್ಲಾ ಹೇಳ್ದ. ಅದು ತಪ್ಪಲ್ವಾ ಅಂದ.

"ತಪ್ಪೇ. ಅದಕ್ಕೆ ನಾನು ಅವನ ಜೊತೆ ದಿನಾ ಜಗಳ ಆಡ್ತೀನಿ. ನಾಳೇನೂ ಆಡ್ಬೇಕು. ಅವನು ಬದುಕಿದ್ರೆ ತಾನೆ?"

ದಡ ಸಿಕ್ಕಿದ್ದೇ ತಡ, ಚನ್ನಮಲ್ಲ ಹಾರಿ ಓಡ್ದ. ಒದ್ದೆ ವಸ್ತ್ರ ತಗೊಂಡು ಅಳಸಿಂಗ್ರಯ್ಯನ ಬಾಗಿಲ ಪಕ್ಕದ ಗುರುತು ಉಜ್ಜಿದ, ಉಜ್ಜಿದ, ಸುಣ್ಣ ಕಿತ್ತು ಬರೋವರೆಗೂ ಉಜ್ಜಿದ. ಆಮೇಲೆ ಎಚ್ಚರಿಕೆ ಹೇಳೋಣ ಅಂತ ಕೋಣೆಯೊಳಗೆ ನುಗ್ಗಿದವನು ಕೆಳಗೆ ನೋಡದೆ ಸೀದಾ ಅಕ್ಕಿಹಿಟ್ಟಿನ ಗೆರೆ ದಾಟಿ ಒಲೆ ಹತ್ರ ನಿಂತ್ಬಿಟ್ಟ.

ಅಳಸಿಂಗ್ರಯ್ಯ ಸೌಟು ಹಿಡ್ಕೊಂಡೇ ಎದ್ರು. ಕೋಪಕ್ಕೆ ಅವರ ಗಡ್ಡ ಅದುರ್ತಿತ್ತು. ಚನ್ನಮಲ್ಲ ಕಣ್ಣು ಮುಚ್ಚಿ, ಇನ್ನೇನು ಬಿತ್ತು ಏಟು ಅಂತ ನಿಂತ.

ಏಟು ಬೀಳ್ಲಿಲ್ಲ. ಅವರು ಅನ್ನದ ಪಾತ್ರೆ ಎತ್ಕೊಂಡು ಹೋಗಿ ಹಿತ್ತಲಲ್ಲಿ ಕಾಗೆಗೆ ಸುರಿದು ಬಂದ್ರು. "ಸ್ನಾನ ಮಾಡಿ ಮತ್ತೆ ಬೇಯಿಸ್ಬೇಕು, ಕತ್ತೆ ಮುಂಡೇದೆ. ಇವತ್ತು ನನಗೆ ಊಟ ರಾತ್ರಿಗೇ," ಅಂದ್ರು.

ಚನ್ನಮಲ್ಲ ಸುಟ್ಟ ಮನೆ ವಿಷಯ, ಗುರುತಿನ ವಿಷಯ, ಎಲ್ಲಾ ಒದರಿದ. ಅವರು ಪೂರ್ತಿ ಕೇಳಿಸ್ಕೊಂಡ್ರು. ಗ್ರಂಥ ಎದೆಗೆ ಅವುಚ್ಕೊಂಡು ಮೂಲೇಲಿ ಕೂತ್ರು.

ಚನ್ನಮಲ್ಲ ಹೊರಗೆ ಬಂದ. ಹೊತ್ತು ಇಳೀತಿತ್ತು. ನದಿ ಮಧ್ಯ ಎರಡು ಹರಿಗೋಲು ಕಂಡ್ವು. ಇನ್ನೂ ಬೆಳಕಿತ್ತು, ಆದ್ರೂ ಅದರಲ್ಲಿ ಪಂಜು ಉರೀತಿತ್ತು. ಮುಂದಿನ ಹರಿಗೋಲಲ್ಲಿ ಮಾದೇವು ನಿಂತು ನಗ್ತಾ ಇವನಿಗೆ ಕೈ ಬೀಸ್ದ.

ಗುರುಗಳು ಆಗ್ಲೇ ಸೊಪ್ಪಿನ ಮೊರ ತಂದು ಅಳಸಿಂಗ್ರಯ್ಯನ ಹೊಸಲಿಗೆ ಅಡ್ಡ ಕೂತಿದ್ರು. ಒಳಗಿಂದ, ನೀವು ಅಲ್ಲಿ ಕೂತ್ರೆ ನನ್ನ ಹೊಸಲು ಮೈಲಿಗೆ ಆಗತ್ತೆ ಅಂತ ಒಂದು ದನಿ ಬಂತು. ನಾಳೆ ತೊಳ್ಕೊಳಿ ಅಂದ್ರು ಗುರುಗಳು.

ಹರಿಗೋಲು ದಡಕ್ಕೆ ತಾಗಿದ ಸದ್ದಾಯ್ತು.

"ಬುದ್ಧಿ, ಗುರುತು ಅಳಿಸ್ಬಿಟ್ಟಿದೀನಿ. ಯಾವ ಬಾಗಿಲು ಅಂತ ಈಗ ನನ್ನೇ ಕೇಳ್ತಾರೆ. ಗೊತ್ತಿಲ್ಲ ಅಂತ ಸುಳ್ಳು ಹೇಳ್ಲಾ?"

ಗುರುಗಳು ಒಂದು ಕಡ್ಡಿ ಸೊಪ್ಪು ಕೈಗೆ ತಗೊಂಡ್ರು.

"ಸುಳ್ಳು ಯಾಕೆ? ನಾನು ಕೂತಿರೋ ಬಾಗಿಲು ಅಂತ ಹೇಳು."