ಹೆಸರಿಲ್ಲದ ಪತ್ರಗಳು ಹಾದುಹೋದ ಮನೆ

ಕರಿಬಸಯ್ಯನೆಂಬ ಶಿಷ್ಯ ಗುರುಗಳನ್ನು ಕೇಳಿದ: “ಬುದ್ಧೀ, ಯಾರೆಂದು ತಿಳಿಯದವನಿಗೆ ನಾನು ನೆರವಾದೆ. ಅವನು ಆ ನೆರವಿನಿಂದಲೇ ಇನ್ನೊಬ್ಬರಿಗೆ ಕೇಡು ಮಾಡಿದ. ಅದರ ಪಾಪ ನನಗೆ ತಟ್ಟುತ್ತದೆಯೇ?”

ಕೇಳಲು ಕಾರಣವಿತ್ತು. ಹಿಂದಿನ ವಾರ ಮಠಕ್ಕೆ ಬಂದ ದಾರಿಹೋಕನೊಬ್ಬನಿಗೆ ಅವನು ಊರು, ಹೆಸರು ಕೇಳದೆ ಕೋಣೆ ತೆಗೆದುಕೊಟ್ಟಿದ್ದ. ಆ ಮನುಷ್ಯ ಹೋಗುವಾಗ ಎದುರುಮನೆಯ ಹೂ ಮಾರುವವಳ ಸೈಕಲ್ಲನ್ನು ಒಯ್ದಿದ್ದ.

ಗುರುಗಳು ತಟ್ಟುತ್ತದೆ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆರಳಚ್ಚುಗಾರನಿದ್ದ. ತಾಲ್ಲೂಕು ಕಚೇರಿಯ ಮುಂದೆ ಕುಳಿತು ಮೂವತ್ತು ವರ್ಷ ಜನರ ಅರ್ಜಿಗಳನ್ನು ಟೈಪು ಮಾಡಿಕೊಟ್ಟವನು. ಒಮ್ಮೆ ವಿದ್ಯಾರ್ಥಿನಿಲಯದ ಅಡುಗೆಯವಳು ಅವನ ಬಳಿ ಬಂದಳು. ಹುಳು ಬಿದ್ದ ಅಕ್ಕಿಯನ್ನೇ ಮಕ್ಕಳಿಗೆ ಬೇಯಿಸಲು ಹೇಳುತ್ತಾರೆ ಎಂದು ದೂರು ಬರೆಸಿದಳು. ತನ್ನ ಹೆಸರು ಬೇಡ ಎಂದಳು. ಹೆಸರಿಲ್ಲದ ಅರ್ಜಿಯನ್ನು ಯಾರೂ ಓದುವುದಿಲ್ಲವೆಂದು ಅವನೇ ಒಪ್ಪಿಸಿ ಹೆಸರು ಹಾಕಿದ. ಮೇಲಿನವರು ಅಕ್ಕಿಯನ್ನು ಬದಲಾಯಿಸಲಿಲ್ಲ, ಅಡುಗೆಯವಳನ್ನು ಬದಲಾಯಿಸಿದರು. ಅದನ್ನು ಅವನು ಮರೆಯಲಿಲ್ಲ.

ವಯಸ್ಸಾದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿದ್ದಾಗ ಅವನಿಗೆ ಇಂಟರ್ನೆಟ್ಟಿನ ಒಂದು ಜಾಲದ ವಿಷಯ ತಿಳಿಯಿತು. ಹೆಸರು ಹೇಳಲಾಗದವರು ಬರೆದದ್ದನ್ನು ಆ ಜಾಲ ಮೂರು ಕಂಪ್ಯೂಟರುಗಳ ಮೂಲಕ ದಾಟಿಸುತ್ತದೆ. ಮೊದಲನೆಯದಕ್ಕೆ ಎಲ್ಲಿಂದ ಬಂತೆಂದು ಗೊತ್ತು, ಎಲ್ಲಿಗೆಂದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆಂದು ಗೊತ್ತು, ಎಲ್ಲಿಂದ ಬಂತೆಂದು ಗೊತ್ತಿಲ್ಲ. ನಡುವಿನದಕ್ಕೆ ಎರಡೂ ಗೊತ್ತಿಲ್ಲ. ಅವೆಲ್ಲ ಎಲ್ಲೆಲ್ಲಿಯೋ ಇರುವ ಜನ ತಾವಾಗಿ ಒಪ್ಪಿ ನಡೆಸುವ ಕಂಪ್ಯೂಟರುಗಳು. ಕೊನೆಯದನ್ನು ನಡೆಸಲು ಮಾತ್ರ ಹೆಚ್ಚು ಜನ ಮುಂದೆ ಬರುವುದಿಲ್ಲ. ಏಕೆಂದರೆ ಪತ್ರ ತಲುಪಿದಾಗ ಹೊರಗೆ ಕಾಣುವುದು ಆ ಕೊನೆಯ ಕಂಪ್ಯೂಟರಿನ ವಿಳಾಸವೊಂದೇ. ಬೆರಳಚ್ಚುಗಾರ ಆ ಕೊನೆಯದನ್ನೇ ನಡೆಸಲು ಒಪ್ಪಿದ.

ಎರಡು ವರ್ಷ ಅವನ ಕಂಪ್ಯೂಟರು ಹಗಲಿರುಳು ಓಡಿತು. ಯಾರದು ಹೋಗುತ್ತದೆ, ಏನು ಹೋಗುತ್ತದೆ ಎಂದು ಅವನು ನೋಡಲಿಲ್ಲ. ನೋಡಬಾರದೆಂಬುದೇ ಆ ಕೆಲಸದ ನೇಮ. ಹೆಂಡತಿ ಕೇಳಿದರೆ, “ಆ ಅಡುಗೆಯವಳಂಥವರದು ಇರಬೇಕು” ಎನ್ನುತ್ತಿದ್ದ.

ಒಂದು ದಿನ ಪೊಲೀಸರು ಬಂದರು. ಪಕ್ಕದ ಜಿಲ್ಲೆಯ ಒಬ್ಬ ಶಿಕ್ಷಕಿಗೆ ಯಾರೋ ಬೆದರಿಕೆಯ ಪತ್ರ ಕಳಿಸುತ್ತಿದ್ದರು. ಆಕೆಯ ಮಗಳು ಯಾವ ಬಸ್ಸು ಹತ್ತುತ್ತಾಳೆ, ಎಲ್ಲಿ ಇಳಿಯುತ್ತಾಳೆ, ಯಾವ ಓಣಿಯಲ್ಲಿ ಒಬ್ಬಳೇ ನಡೆಯುತ್ತಾಳೆ ಎಂದು ಅದರಲ್ಲಿ ಬರೆದಿತ್ತು. ಆಕೆಯ ಕಂಪ್ಯೂಟರಿಗೆ ಬಂದ ಒಂಬತ್ತು ಪತ್ರಗಳಲ್ಲಿ ಎಂಟು ಆ ಜಾಲದ ಪರದೇಶದ ವಿಳಾಸಗಳಿಂದ ಬಂದಿದ್ದವು. ಒಂದು ಈ ಮನೆಯ ವಿಳಾಸದಿಂದ ಬಂದಿತ್ತು. ಪರದೇಶದವರನ್ನು ಕೇಳುವುದು ಪೊಲೀಸರಿಂದ ಆಗಲಿಲ್ಲ. ಇವನನ್ನು ಕರೆದೊಯ್ದರು.

ಠಾಣೆಯಲ್ಲಿ ಆ ಶಿಕ್ಷಕಿಯೂ ಇದ್ದಳು. “ನೀವು ಬರೆದಿರಾ?” ಎಂದು ಕೇಳಿದಳು.

“ಇಲ್ಲಮ್ಮ.”

“ನಿಮ್ಮ ಮನೆಯಿಂದಲೇ ಬಂತಲ್ಲ?”

“ಬಂತು.”

“ಹಾಗಾದರೆ ಬರೆದವರು ಯಾರು?”

“ನನಗೆ ತಿಳಿಯದು. ತಿಳಿಯದ ಹಾಗೆಯೇ ಆ ಜಾಲವನ್ನು ಮಾಡಿದ್ದಾರೆ.”

“ಅಂಥದ್ದನ್ನು ಯಾರಿಗೋಸ್ಕರ ಮಾಡಿದ್ದಾರೆ?”

ಅವನು ಅಡುಗೆಯವಳ ವಿಷಯ ಹೇಳಹೊರಟ. ಶಿಕ್ಷಕಿಯ ಮಗಳು ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದಳು. ಅವಳು ಕಾಲೇಜು ಬಿಟ್ಟು ಎರಡು ತಿಂಗಳಾಗಿತ್ತು. ಅವಳ ಮುಖ ನೋಡಿ ಅವನು ಆ ಮಾತನ್ನು ಅಲ್ಲಿಗೇ ಬಿಟ್ಟ.

ಪೊಲೀಸರು ಕಂಪ್ಯೂಟರನ್ನು ಪರೀಕ್ಷಿಸಿ, ಏನೂ ಸಿಗದೆ, ನಲವತ್ತು ದಿನದ ಮೇಲೆ ತಿರುಗಿ ಕೊಟ್ಟರು. ಅವನು ಅದನ್ನು ಗಂಟು ಬಿಚ್ಚದೆ ಮೂಲೆಗೆ ಇಟ್ಟ. ಹೆಂಡತಿಗೆ ಹೇಳಿದ: “ಹೆಸರು ಹಾಕಿ ಒಬ್ಬಳನ್ನು ಕೆಡಿಸಿದೆ. ಹೆಸರು ಮರೆಮಾಡಿ ಇನ್ನೊಬ್ಬಳನ್ನು ಕೆಡಿಸಿದೆ.”

“ಇನ್ನಾದರೂ ಸುಮ್ಮನಿರಿ” ಎಂದಳು ಅವಳು.

“ಸುಮ್ಮನಿದ್ದರೆ ಯಾರು ಕೆಡುತ್ತಾರೋ, ಅದು ಗೊತ್ತೇ ಆಗುವುದಿಲ್ಲ.”

ನಾಲ್ಕು ತಿಂಗಳ ಮೇಲೆ ಶಿಕ್ಷಕಿ ಅವನ ಮನೆಗೆ ಬಂದಳು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ. “ಪತ್ರಗಳು ನಿಂತಿಲ್ಲ. ನಮ್ಮ ಶಾಲೆಯ ಕಾರ್ಯದರ್ಶಿಯ ಮೇಲೆ ನನಗೆ ಅನುಮಾನ. ಹೆಸರು ಹಾಕಿ ದೂರು ಕೊಟ್ಟರೆ ನನ್ನ ಕೆಲಸ ಹೋಗುತ್ತದೆ. ಹೆಸರು ತಿಳಿಯದ ಹಾಗೆ ಬರೆಯುವುದು ಹೇಗೆಂದು ಹೇಳಿಕೊಡಿ” ಎಂದಳು.

ಅವನು ಮೂಲೆಯ ಗಂಟನ್ನು ತೋರಿಸಿದ. “ನನ್ನದನ್ನು ಆರಿಸಿಬಿಟ್ಟಿದ್ದೇನಮ್ಮ. ಬೇರೆಯವರದು ಓಡುತ್ತಿದೆ, ಅದರಲ್ಲಿ ಕಳಿಸಬಹುದು” ಎಂದ.

“ಅವರ ಮನೆಗೆ ಪೊಲೀಸರು ಬಂದಿಲ್ಲವೇ?”

“ಕೆಲವರ ಮನೆಗಾದರೂ ಬಂದಿರಬೇಕು.”

“ಆದರೂ ಅವರು ಆರಿಸಿಲ್ಲ.”

ಅವನು ದಾರಿ ತೋರಿಸಿಕೊಟ್ಟ. ಆಕೆ ಮೇಲಧಿಕಾರಿಗಳಿಗೆ ಬರೆದಳು. ವಿಚಾರಣೆ ನಡೆಯಿತು. ಕಾರ್ಯದರ್ಶಿ ತಪ್ಪು ಒಪ್ಪಲಿಲ್ಲ, ಅವನ ಮೇಲೆ ತಪ್ಪು ಸಾಬೀತೂ ಆಗಲಿಲ್ಲ. ಆದರೆ ತಾನಾಗಿಯೇ ಹುದ್ದೆ ಬಿಟ್ಟು ಹೋದ. ಪತ್ರಗಳು ನಿಂತವು. ಹೋದವನು ತಪ್ಪಿತಸ್ಥನೋ, ಅವಮಾನಕ್ಕೆ ಅಂಜಿದ ನಿರಪರಾಧಿಯೋ ಬೆರಳಚ್ಚುಗಾರನಿಗೆ ತಿಳಿಯಲಿಲ್ಲ. ಹುಡುಗಿ ಒಂದು ವರ್ಷ ಹಿಂದೆ ಬಿದ್ದು ಮತ್ತೆ ಕಾಲೇಜಿಗೆ ಸೇರಿದಳು.

ಅವನು ಕಂಪ್ಯೂಟರನ್ನು ಮತ್ತೆ ಹಚ್ಚಿದ. ಒಂದು ವಾರಕ್ಕೆ ಆರಿಸಿದ. ಮತ್ತೆ ಹಚ್ಚಿದ. ಈಗ ಅದು ಓಡುತ್ತಿದೆ. ಬೆಳಗ್ಗೆ ಎದ್ದು ಅದರ ಮುಂದೆ ನಿಂತು, ಇಂದು ಇದರಲ್ಲಿ ಏನು ಹೋಗುತ್ತದೋ ಎಂದು ಹೆದರುತ್ತಾನೆ. ತಿಂದ ಅನ್ನ ಅವನ ಮೈಗೆ ಹತ್ತುತ್ತಿಲ್ಲವೆಂದು ಹೆಂಡತಿ ಹೇಳುತ್ತಾಳೆ.

ಕತೆ ಅಲ್ಲಿಗೆ ನಿಂತಿತು. ಕರಿಬಸಯ್ಯ ಮುಂದಿನದಕ್ಕೆ ಕಾದ.

“ನನಗೆ ಮೊದಲಿಗಿಂತ ಹೆಚ್ಚು ಗೊಂದಲವಾಯಿತು, ಬುದ್ಧೀ. ಅವನಿಗೆ ಪಾಪ ತಟ್ಟಿತೋ, ಇಲ್ಲವೋ?”

ಗುರುಗಳು ಹೇಳಿದರು: “ತಟ್ಟದವನ ಕೈಗೆ ಆ ಕೆಲಸ ಕೊಡಬಾರದು.”