ಸೂರ್ಯಪ್ಪನ ಮನೆಗೆ ಹೋದ ಮೂರು ಹೆಣ್ಣುಮಕ್ಕಳು

ಬಾ ಕೂಸೇ, ಕಾಲು ಒಳಗೆ ಎಳ್ಕೋ, ಐಸ್ ಹಂಗಿದಾವೆ. ಕೇಳು.

ಒಂದಾನೊಂದು ಕಾಲದಲ್ಲಿ, ಆಗ ನಾನೂ ಹುಟ್ಟಿರಲಿಲ್ಲ, ನಮ್ಮಜ್ಜಿನೂ ಹುಟ್ಟಿರಲಿಲ್ಲ, ಒಂದೂರಲ್ಲಿ ಜುಂಜಣ್ಣ ಅಂತ ಒಬ್ಬ ಕಂಬ್ಳಿ ನೇಯೋನಿದ್ದನಂತೆ. ಹೆಂಡ್ತಿ ತೀರ್ಕೊಂಡಿದ್ಲು, ಮೂರು ಜನ ಹೆಣ್ಣುಮಕ್ಕಳು. ದೊಡ್ಡೋಳು ಉಣ್ಣೆ ಬಿಡಿಸೋಳು, ನಡುವಿನೋಳು ನೂಲೋಳು, ಚಿಕ್ಕೋಳು ಸಿರಿಯವ್ವ ನೂಲಿಗೆ ಹುಣಸೆಬೀಜದ ಗಂಜಿ ಬಳಿದು ಒಣಗಿಸೋಳು. ಜುಂಜಣ್ಣನ ಕೈಕೆಲಸಕ್ಕೆ ಸುತ್ತ ಏಳೂರಲ್ಲೂ ಹೆಸರು. ಆದ್ರೆ ಸಿಟ್ಟು ಮಾತ್ರ ಮೂಗಿನ ತುದೀಲೇ ಇರೋದಂತೆ.

ಸಿಟ್ಟು ಯಾರ ಮೇಲೆ ಅಂತೀಯಾ? ಸೂರ್ಯನ ಮೇಲೆ! ಚಳಿ ಬಂತು ಅಂದ್ರೆ ಎಲ್ಲರಿಗೂ ಕಂಬ್ಳಿ ಬೇಕು, ಚಳಿ ಬಂತು ಅಂದ್ರೆ ಹೊತ್ತೂ ಬೇಗ ಮುಳುಗುತ್ತೆ. ಕರೀ ಉಣ್ಣೆ ನೋಡು, ಕತ್ಲಲ್ಲಿ ಎಳೆ ಯಾವ್ದು ಸಂದು ಯಾವ್ದು ಕಾಣೋದಿಲ್ಲ. ದೀಪದ ಬೆಳಕಲ್ಲಿ ನೇಯ್ದ್ರೆ ಅಲ್ಲೊಂದು ತೂತು ಇಲ್ಲೊಂದು ತೂತು. ಹಂಗಾಗಿ ಹೊತ್ತು ಮುಳುಗಿದ ಕೂಡ್ಲೆ ಇವನು ಲಾಳಿ ಬಿಸಾಕಿ ಧುಮುಗುಟ್ಕೊಂಡು ಒಳಗೆ ಬರೋನು. ಹುಡುಗೀರು ಒಲೆ ಮುಂದೆ ಒತ್ತೊತ್ತಿ ಕೂತು, ಕಡ್ಲೆಕಾಯಿ ಹುರ್ಕೊಂಡು, ಕಿಸಿಕಿಸಿ ನಗ್ತಾ ಇರೋರು. ಅಪ್ಪನ ಹೆಜ್ಜೆ ಕೇಳಿದ್ರೆ ಗಪ್‌ಚಿಪ್. ಬೆಳಕು ಹಾಳಾಯ್ತು ಅಂತ ನಾನು ಸಾಯ್ತಿದೀನಿ, ನಿಮಗೆ ನಗು ಬೇರೆ ಕೇಡು, ಮಲಗ್ರೇ ಅಂತ ದೀಪ ಆರಿಸಿಬಿಡೋನಂತೆ.

ಒಂದಿನ ತಡೀಲಾರ್ದೆ ದೊಡ್ಡ ಮಗಳನ್ನ ಕರೆದು, ಹೋಗವ್ವಾ, ಪಡುವಣ ಗುಡ್ಡದಾಚೆ ಸೂರ್ಯನ ಮನೆ ಇದೆಯಂತೆ, ಇನ್ನೆರಡು ಗಳಿಗೆ ನಿಂತು ಹೋಗಪ್ಪಾ ಅಂತ ಹೇಳಿ ಬಾ ಅಂದನಂತೆ. ಅವಳು ಬುತ್ತಿ ಕಟ್ಕೊಂಡು ಹೋದ್ಲು. ಮೂರು ದಿನ ಆದ್ರೂ ಬರಲಿಲ್ಲ. ಆಮೇಲೆ ಅಕ್ಕನ್ನ ಕರ್ಕೊಂಡು ಬಾ ಅಂತ ನಡುವಿನೋಳನ್ನ ಕಳಿಸ್ದ. ಅವಳೂ ಬರಲಿಲ್ಲ. ಆಮೇಲೆ ಸಿರಿಯವ್ವ ತಾನಾಗೇ ಎದ್ದು, ಇಬ್ರನ್ನೂ ಕಿವಿ ಹಿಡಿದು ಎಳ್ಕೊಂಡು ಬರ್ತೀನಿ ಇರು ಅಂತ ಹೋದ್ಲು. ಅವಳೂ ಹೋದೋಳು ಹೋದ್ಲು.

ಈಗ ನೋಡು ಫಜೀತಿ. ಉಣ್ಣೆ ಬಿಡಿಸೋರಿಲ್ಲ, ನೂಲೋರಿಲ್ಲ, ಗಂಜಿ ಬಳಿಯೋರಿಲ್ಲ. ಬೆಳಕಿದ್ರೂ ನೇಯಕ್ಕೆ ನೂಲೇ ಇಲ್ಲ. ಸಂಜೆ ಒಳಗೆ ಬಂದ್ರೆ ಬೈಯಕ್ಕೂ ಒಂದು ನರಪಿಳ್ಳೆ ಇಲ್ಲ. ಒಬ್ನೇ ಮುದ್ದೆ ತಿರುವಿದ, ಬರೀ ಗಂಟು. ಅದನ್ನ ಮುಂದಿಟ್ಕೊಂಡು, ನನ್ನ ಮಕ್ಕಳು ಎಲ್ಲಿ ಹೋದ್ವೋ ಏನಾದ್ವೋ ಅಂತ ಗಳಗಳ ಅತ್ತನಂತೆ. ಹೂಂ, ಗಂಡಸೇ, ಗಂಡಸು ಅಳಬಾರ್ದಾ ಏನು? ಬೆಳಿಗ್ಗೆ ಎದ್ದು, ನೇಯ್ದು ಮುಗಿಸಿದ್ದ ಒಂದೇ ಒಂದು ಕಂಬ್ಳಿ ಹೆಗಲಿಗೆ ಹಾಕ್ಕೊಂಡು ಹೊರಟೇಬಿಟ್ಟ.

ನಡೆದ, ನಡೆದ, ಗುಡ್ಡ ಹತ್ತಿದ, ಗುಡ್ಡ ಇಳಿದ. ಹೊತ್ತು ಮುಳುಗೋ ಹೊತ್ಗೆ ಒಂದು ಪುಟ್ಟ ಮಣ್ಣಿನ ಮನೆ ಕಾಣಿಸ್ತಂತೆ. ಕಿಟಕೀಲಿ ಕೆಂಪು ಬೆಳಕು. ಒಳಗೆ ಬಿದ್ದು ಬಿದ್ದು ನಗೋ ಸದ್ದು. ತನ್ನ ಮಕ್ಕಳೇ ನಗ್ತಿರೋದು ಅಂತ ಗೊತ್ತಾಯ್ತು, ಆದ್ರೆ ಯಾವ ನಗು ಯಾರ್ದು ಅಂತ ಗೊತ್ತಾಗಲಿಲ್ಲವಂತೆ. ಹೆತ್ತಪ್ಪ ಕೂಸೇ, ಮಕ್ಕಳು ಬಾಯ್ತುಂಬ ನಕ್ಕಿದ್ದನ್ನ ಒಂದಿನಾನೂ ಕೇಳಿರಲಿಲ್ಲ.

ಬಾಗಿಲು ತಳ್ಳಿ ನೋಡಿದ್ರೆ, ಸೂರ್ಯಪ್ಪ ಬಿಸಿನೀರಲ್ಲಿ ಕಾಲಿಟ್ಕೊಂಡು, ಅವರಮ್ಮ ಕೆಂಡದಲ್ಲಿ ಸುಟ್ಟುಕೊಟ್ಟ ಗೆಣಸನ್ನ ಉಫ್ ಉಫ್ ಅಂತ ಊದ್ಕೊಂಡು ತಿಂತಿದ್ದಾನೆ. ಸುತ್ತ ಮೂವರು ಹುಡುಗೀರು ಅವರೆಕಾಯಿ ಸುಲೀತಾ ಒಗಟು ಹಾಕ್ತಾ ಕೂತಿದಾರೆ. ಇವನು ಒಳಗೆ ಕಾಲಿಟ್ಟ. ನಗು ಟಕ್ಕಂತ ನಿಂತೋಯ್ತು.

ಏನಯ್ಯಾ ಸೂರ್ಯ, ಚಳಿಗಾಲ ಬಂದ್ರೆ ಕೆಲಸಗಳ್ಳನ ಥರ ಮನೆಗೆ ಓಡಿಬರ್ತೀಯಲ್ಲ, ನಾಚಿಕೆ ಆಗಲ್ವಾ ಅಂತ ಗದರಿದನಂತೆ. ಸೂರ್ಯ ಸಿಟ್ಟಾಗಲಿಲ್ಲ. ಯಜಮಾನ್ರೇ, ಬೇಸಿಗೇಲಿ ಬೆವರು ಸುರಿಸಿ ಉದ್ದುದ್ದ ದುಡೀತೀನಿ, ನೀವೇ ನೋಡಿದೀರಿ. ಚಳೀಲಿ ನಮ್ಮಮ್ಮ ಒಲೆ ಹಚ್ಚಿ ಕಾಯ್ತಾ ಇರ್ತಾಳೆ, ಅದಕ್ಕೇ ಬೇಗ ಬರ್ತೀನಿ. ನಿಮ್ಮ ಮನೇಲಿ ಸಂಜೆ ನಿಮಗೆ ಯಾರು ಕಾಯ್ತಾರೆ ಅಂತ ಕೇಳಿದನಂತೆ.

ಜುಂಜಣ್ಣ ಮಕ್ಕಳ ಮುಖ ನೋಡ್ದ. ದೊಡ್ಡೋಳು ತಲೆ ಬಗ್ಗಿಸಿದ್ಲು. ನಡುವಿನೋಳೂ ತಲೆ ಬಗ್ಗಿಸಿದ್ಲು. ಸಿರಿಯವ್ವಂಗೆ ಮಾತ್ರ ಬಾಯಿ ಜಾಸ್ತಿ, ನಿನ್ನ ಥರಾನೇ, ಹೇಳೇಬಿಟ್ಲು. ಅಪ್ಪಾ, ಹಗಲೆಲ್ಲ ಎಷ್ಟು ಬೇಕಾದ್ರೂ ದುಡೀತೀವಿ. ಹೊತ್ತು ಮುಳುಗಿದ್ರೆ ನಮಗೆ ಖುಷಿ, ಆದ್ರೆ ನೀನು ಒಳಗೆ ಬರ್ತೀಯಲ್ಲ ಅಂತ ಭಯ. ನೀನಿದ್ದಾಗ್ಲೂ ನಗಬೋದು ಅಂದ್ರೆ ಈಗ್ಲೇ ಬರ್ತೀವಿ, ಇಲ್ದಿದ್ರೆ ಬರಲ್ಲ ಅಂದ್ಲಂತೆ.

ಜುಂಜಣ್ಣ ಹೆಗಲ ಮೇಲಿನ ಕಂಬ್ಳಿ ಇಳಿಸಿ ಅಲ್ಲೇ ನೆಲದ ಮೇಲೆ ಕೂತ. ಸೂರ್ಯನ ಅಮ್ಮ ಇಂಥೋರನ್ನ ಎಷ್ಟು ಜನರನ್ನ ಕಂಡಿದ್ಲೋ, ಅವಳು ಸಮಾಧಾನನೂ ಹೇಳಲಿಲ್ಲ, ಬೈಯಲೂ ಇಲ್ಲ. ಒಂದು ಮೊರ ಅವರೆಕಾಯಿ ಅವನ ಮುಂದೆ ಸರಿಸಿ, ಸುಮ್ನೆ ಕೂರಬೇಡ, ಸುಲಿ, ಹಂಗೇ ಒಂದು ಒಗಟು ಹಾಕು ಅಂದ್ಲಂತೆ. ಅವನಿಗೆ ಒಗಟು ಎಲ್ಲಿ ಬರ್ಬೇಕು? ಮೊದಲನೇದು ಶುರುಮಾಡಿ ಅರ್ಧಕ್ಕೇ ಮರೆತ. ಎರಡನೇದಕ್ಕೆ ಉತ್ತರ ತಾನೇ ಮುಂಚೆ ಹೇಳಿಬಿಟ್ಟ. ಮೂರನೇದಕ್ಕೆ ಉತ್ತರಾನೇ ಇರಲಿಲ್ಲವಂತೆ! ಹುಡುಗೀರು ತಡ್ಕೊಂಡ್ರು, ತಡ್ಕೊಂಡ್ರು, ಆಮೇಲೆ ಸಿರಿಯವ್ವ ಕಿಸಕ್ ಅಂದ್ಲು. ಎಲ್ಲರೂ ಅವನ ಮುಖ ನೋಡಿದ್ರು. ಜುಂಜಣ್ಣ ತಾನೇ ಹೊಟ್ಟೆ ಹಿಡ್ಕೊಂಡು ನಗಕ್ಕೆ ಶುರುಮಾಡ್ದ.

ಆಮೇಲೆ ಮಕ್ಕಳನ್ನ ಕರ್ಕೊಂಡು ಹೊರಡೋವಾಗ ಆ ಕಂಬ್ಳಿ ಸೂರ್ಯಪ್ಪಂಗೆ ಹೊದಿಸಿ, ನೀನು ಬೇಗ ಮನೆಗೆ ಬಾರಪ್ಪ, ನಾನೂ ಹೋಗ್ತೀನಿ ಅಂದನಂತೆ. ಚಳಿಗಾಲದ ಬೆಳಿಗ್ಗೆ ಮಂಜು ಬಿತ್ತು ಅಂತೀವಲ್ಲ, ಅದು ಮಂಜಲ್ಲ ಕಣೇ, ಸೂರ್ಯಪ್ಪ ಇನ್ನೂ ಆ ಕಂಬ್ಳಿ ಹೊದ್ಕೊಂಡೇ ಇದಾನೆ ಅಂತ. ಇನ್ನು ಊರೋರ ಕಂಬ್ಳಿಗೆ ಏನು ಮಾಡ್ದ ಅಂದ್ರೆ, ಬೇಸಿಗೇಲಿ ಹಗಲು ಉದ್ದ ಇರುತ್ತಲ್ಲ, ಆಗ್ಲೇ ನೇಯ್ದಿಟ್ಕೊಂಡ. ಅಷ್ಟು ವರ್ಷ ಅವನಿಗೆ ಇದು ಹೊಳೆದೇ ಇರಲಿಲ್ಲ ನೋಡು, ಸಿಟ್ಟಿದ್ದ ಕಡೆ ಬುದ್ಧಿ ಎಲ್ಲಿಂದ ಬರ್ಬೇಕು.

ಮುಂದಿನ ಚಳಿಗಾಲದಲ್ಲಿ ಒಂದಿನ ಸಂಜೆ, ಇನ್ನೂ ದನ ಕೊಟ್ಟಿಗೆಗೆ ಬಂದಿತ್ತೋ ಇಲ್ವೋ, ಆಗ್ಲೇ ಮಬ್ಬುಗತ್ಲೆ. ಜುಂಜಣ್ಣ ಲಾಳಿ ಮೆಲ್ಲಗೆ ಕೆಳಗಿಟ್ಟು ಎದ್ದ. ಒಳಗೆ ಮೂವರೂ ನಗ್ತಿದ್ರು. ಬಾಗಿಲಲ್ಲಿ ಒಂದು ಗಳಿಗೆ ಹೆದರ್ಕೊಂಡು ನಿಂತ, ಆಮೇಲೆ ಒಳಗೆ ಕಾಲಿಟ್ಟ. ನಗು ನಿಲ್ಲಲಿಲ್ಲ. ಎಷ್ಟೊತ್ತಪ್ಪಾ ನೀನು, ನಿನಗೇ ಕಾಯ್ತಿದ್ವಿ ಅಂತ ಸಿರಿಯವ್ವ ಸರಿದು ಒಲೆ ಮುಂದೆ ಜಾಗ ಬಿಟ್ಲಂತೆ.

ಕತೆ ಅಲ್ಲಿಗೆ ಮುಗೀತು ಕೂಸೇ. ಅವರು ಅಲ್ಲಿ ಬೆಚ್ಚಗೆ, ನಾವು ಇಲ್ಲಿ ಬೆಚ್ಚಗೆ.