ಸಬ್ಬತ್ ದಿನ ಹೊತ್ತ ಹಗ್ಗ

"ಗುರುಗಳೇ, ಯಾರೂ ಬಿದ್ದು ಸಾಯದ ಹಾಗೆ ಮಾಳಿಗೆಯ ಅಂಚಿಗೆ ಗೋಡೆ ಕಟ್ಟಬೇಕು ಎಂಬ ಕಟ್ಟಳೆ ನಮ್ಮ ಯಹೂದಿಗಳ ಮನೆಗೆ ಮಾತ್ರವೋ, ನಮ್ಮನ್ನು ನಾಯಿಗಿಂತ ಕಡೆಯಾಗಿ ಕಾಣುವವರ ಮನೆಗೂ ಉಂಟೋ?"

ಶುಕ್ರವಾರ ಮಧ್ಯಾಹ್ನ ಎಲ್ಕಾನಾ ಹೀಗೆ ಕೇಳಿದ. ಅವನು ಗಾರೆ ಕೆಲಸದವನು. ವಾರಕ್ಕೊಮ್ಮೆ ರಬ್ಬಿ ಸಾದ್ಯಾ ಅವರ ಬಳಿ ಪಾಠಕ್ಕೆ ಬರುತ್ತಿದ್ದ. ಪ್ರಶ್ನೆ ಕೇಳಿದ, ಕಾರಣ ಹೇಳಲಿಲ್ಲ. ಯಹೂದಿಗಳು ಬಾವಿಗೆ ವಿಷ ಹಾಕುತ್ತಾರೆಂದು ಸಂತೆಯಲ್ಲಿ ಕೂಗಾಡಿದ್ದ ಧಾನ್ಯದ ವ್ಯಾಪಾರಿಯ ಮಾಳಿಗೆಗೆ ಅವನು ಆ ದಿನವೇ ಗೋಡೆ ಕಟ್ಟಿ ಮುಗಿಸಿ ಬಂದಿದ್ದ. ಸುಣ್ಣ ಬೆರೆಸದೆ ಬರೀ ಮಣ್ಣಿನಲ್ಲಿ ಕಟ್ಟಿದ್ದ. ಒರಗಿದರೆ ಉರುಳುವ ಗೋಡೆ. ಸೆಖೆ ಹೆಚ್ಚಿತ್ತು. ಗೋಡೆ ಮುಗಿಯಲಿ ಎಂದೇ ಕಾದಿದ್ದ ವ್ಯಾಪಾರಿಯ ಹೆಂಡತಿ, ಮಕ್ಕಳು ಮಾರನೆಯ ದಿನದಿಂದ ಮಾಳಿಗೆಯ ಮೇಲೆ ಮಲಗುವವರಿದ್ದರು. ಎಲ್ಕಾನಾನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ದ. 'ಅವರಿಗೆ ಇಲ್ಲ' ಎಂದು ಗುರುಗಳು ಒಂದು ಮಾತು ಹೇಳಿಬಿಟ್ಟರೆ ಸಾಕಿತ್ತು.

ರಬ್ಬಿ ಅವನ ಕೈಗಳನ್ನು ಒಮ್ಮೆ ನೋಡಿದರು. "ಭಾರದ ಪ್ರಶ್ನೆಯಪ್ಪಾ, ಹೊತ್ತುಕೊಂಡು ನಿಲ್ಲಬೇಡ, ಕೂತುಕೋ" ಎಂದು ಒಂದು ಕಥೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಹಗ್ಗ ಹೊಸೆಯುವವನಿದ್ದ. ನಮ್ಮವನೇ. ಊರಿನ ಬಾವಿಗಳಿಗೆಲ್ಲ ಅವನದೇ ಹಗ್ಗ. "ಯಹೂದಿಯ ಹಗ್ಗವೋ? ಮೇಲೆ ಹೊಸ ನಾರು, ಒಳಗೆ ಕೊಳೆತದ್ದು" ಎಂದು ಜನ ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು. ಹಾಗೆ ಆಡಿಕೊಂಡವರೇ ಬೆಳಗಾದರೆ ಅವನ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ಯಾಕೆ ಹೇಳು? ಅಂಥ ಹಗ್ಗ ಬೇರೆ ಯಾರ ಕೈಯಲ್ಲೂ ಆಗುತ್ತಿರಲಿಲ್ಲ. ಊರ ಬಾಯಿಗೆ ಮುಚ್ಚಳವುಂಟೆ? ಅವನು ಕೇಳಿಯೂ ಕೇಳದವನಂತೆ ಇದ್ದ.

ಒಂದು ದಿನ ಅವನ ಹೆಂಡತಿ ನೀರಿಗೆ ಹೋದಾಗ ಒಬ್ಬ ಬಾವಿ ತೋಡುವವನು ಅವಳ ಕೊಡ ಒಡೆದ. ನಿಮ್ಮ ಕೈ ಸೋಕಿದರೆ ನೀರು ಕೆಡುತ್ತದೆ ಎಂದ. ಸುತ್ತ ನಿಂತವರು ನಕ್ಕರು. ಅವಳು ಬರಿಗೈಯಲ್ಲಿ ಮನೆಗೆ ಬಂದಳು. ಹಗ್ಗದವನು ಸಿಟ್ಟಿಗೆದ್ದ. ಸಿಟ್ಟು ಬರಬಾರದಿತ್ತು ಎಂದು ನಾನು ಹೇಳಲಾರೆ, ನನಗೂ ಬರುತ್ತಿತ್ತು. ಎರಡು ದಿನ ಕಳೆದು ಅದೇ ಮನುಷ್ಯ ಅಂಗಡಿಗೆ ಬಂದು, ಬಾವಿಗೆ ಇಳಿಯಲು ಹಗ್ಗ ಬೇಕೆಂದ. ನಾಚಿಕೆಯಾದರೂ ಇತ್ತೇ? ಎಲ್ಲಿಯ ಮಾತು! ಹಗ್ಗದವನು ಒಳಗೆ ಕೊಳೆತ ನಾರಿಟ್ಟು, ಮೇಲೆ ಹೊಸ ನಾರು ಸುತ್ತಿ ಹೊಸೆದು ಕೊಟ್ಟ.

ಶುಕ್ರವಾರ ಹೊತ್ತು ಮುಳುಗಿ, ಕೆಲಸ ಮುಟ್ಟಬಾರದ ಸಬ್ಬತ್ ಬಂತು. ಮನೆಯಲ್ಲಿ ದೀಪ ಹಚ್ಚಿದರು, ಹಾಡಿದರು. ಅವನು ರೊಟ್ಟಿ ಮುಟ್ಟದೆ ಎದ್ದ. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ನಿಂತಿದ್ದಾಗ, ಬಾವಿ ತೋಡುವವನು ಬೀದಿಯಲ್ಲಿ ಹೋಗುವುದು ಕಿಟಕಿಯಿಂದ ಕಂಡಿತು. ಹೆಗಲ ಮೇಲೆ ಅದೇ ಹಗ್ಗ. ಸಬ್ಬತ್ ದಿನ ನಾವು ಹೊರೆ ಹೊರುವಂತಿಲ್ಲ, ಅಂಗಡಿ ತೆರೆಯುವಂತಿಲ್ಲ. ಆದರೆ ಒಂದು ಜೀವ ಹೋಗುತ್ತದೆ ಎಂದಾಗ ಆ ಕಟ್ಟಳೆಗಳೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಅವನು ಪ್ರಾರ್ಥನೆ ಬಿಟ್ಟು ಹೊರಟ. ಅಂಗಡಿಯಲ್ಲಿದ್ದ ಗಟ್ಟಿ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಓಡಿದ. ಇವನಿಗೆ ಬುದ್ಧಿ ಕೆಟ್ಟಿತೇ ಎಂದರು ನಮ್ಮ ಕೇರಿಯವರು. "ಏನೋ, ಇವತ್ತು ನಿಮ್ಮ ದೇವರಿಗೆ ರಜೆಯೋ?" ಎಂದು ಕೂಗಿದರು ಆ ಕೇರಿಯವರು. ಅವನು ಬಾವಿ ಮುಟ್ಟಿದಾಗ ಆ ಮನುಷ್ಯ ಹಗ್ಗವನ್ನು ಸೊಂಟಕ್ಕೆ ಬಿಗಿದು ಒಂದು ಕಾಲು ಒಳಗಿಟ್ಟಿದ್ದ.

ಇಲ್ಲಿ ರಬ್ಬಿ ನಿಲ್ಲಿಸಿ ನೀರು ಕುಡಿದರು. ಎಲ್ಕಾನಾ ತಡೆಯಲಾರದೆ, "ಹಗ್ಗ ಬದಲಿಸಲು ಏನಾದರೂ ನೆಪ ಹೇಳಿದನೇ?" ಎಂದ.

"ನೆಪ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನೆಪ ಕೇಳಿ ಅವನು ನಕ್ಕು ಇಳಿದುಬಿಟ್ಟರೆ? ಇಳಿಯಬೇಡ, ಒಳಗೆ ಕೊಳೆತ ನಾರಿದೆ, ಇಟ್ಟವನು ನಾನೇ ಎಂದ."

ಬಾವಿ ತೋಡುವವನು ಹಗ್ಗ ಬಿಚ್ಚಿ, ಕೊಯ್ದು ನೋಡಿದ. ಒಳಗಿನ ನಾರು ಬೆರಳಲ್ಲಿ ಪುಡಿಯಾಯಿತು. "ನೋಡಿದಿರಾ? ನಾವು ಮೊದಲೇ ಹೇಳಿರಲಿಲ್ಲವೇ!" ಎಂದು ಜನ ಮುಗಿಬಿದ್ದರು. ಅಷ್ಟು ವರ್ಷ ಸಾಕ್ಷಿಯಿಲ್ಲದೆ ಅಲೆದ ಸುಳ್ಳಿಗೆ ಅಂದು ಸಾಕ್ಷಿ ಸಿಕ್ಕಿತ್ತು. ಆ ಸಾಕ್ಷಿಯನ್ನು ಹೊಸೆದು ಕೊಟ್ಟವನು ಹಗ್ಗದವನೇ. ಹೊಡೆದರು, ಹೊಡೆಸಿಕೊಂಡ. ಆಮೇಲೆ ಬಾವಿ ತೋಡುವವನು ಬಿದ್ದಿದ್ದ ಗಟ್ಟಿ ಹಗ್ಗವನ್ನು ಎತ್ತಿಕೊಂಡ. ಅದನ್ನು ಕೊಯ್ದು ನೋಡಲಿಲ್ಲ. ಸೊಂಟಕ್ಕೆ ಬಿಗಿದುಕೊಂಡು ಇಳಿದ.

"ಹಾಗಾದರೆ ಆಮೇಲೆ ನಮ್ಮವರನ್ನು ಬೈಯುವುದು ನಿಂತಿತೇ?"

"ನಿಲ್ಲುವುದೇ? ಇನ್ನೂ ಹೆಚ್ಚಾಯಿತು. ನಾವು ಒಳ್ಳೆಯವರಾದರೆ ಅವರ ದ್ವೇಷ ಹೋಗುತ್ತದೆ ಎಂದು ನಾನು ಯಾವತ್ತೂ ಹೇಳಿಲ್ಲ, ಮಗು. ಅದು ನಮ್ಮಿಂದ ಹುಟ್ಟಿದ್ದಲ್ಲ. ಆದರೆ ಹಗ್ಗ ನಮ್ಮ ಕೈಯದು."

ಎಲ್ಕಾನಾ ತನ್ನ ಕೈಗಳನ್ನು ನೋಡಿಕೊಂಡ. ಸುಣ್ಣದ ಕೆಲಸ ಮಾಡಿದ ದಿನ ಅವನ ಬೆರಳುಗಳು ಬೆಳ್ಳಗೆ ಬಿರಿದಿರುತ್ತಿದ್ದವು. ಈ ದಿನ ಉಗುರಿನ ಸಂದಿಯಲ್ಲಿ ಬರೀ ಕೆಮ್ಮಣ್ಣಿತ್ತು. ಕೈಗಳನ್ನು ಮಡಿಲಿಗೆ ಎಳೆದುಕೊಳ್ಳುವಷ್ಟರಲ್ಲಿ ರಬ್ಬಿ ಒಂದನ್ನು ಹಿಡಿದು, ತಿರುಗಿಸಿ, ಅವನಿಗೇ ತೋರಿಸಿದರು.

"ಹೊತ್ತು ಮುಳುಗಿ ಸಬ್ಬತ್ ಬರಲು ಇನ್ನೂ ಒಂದು ಜಾವ ಇದೆ, ಎಲ್ಕಾನಾ, ಆ ಹಗ್ಗದವನ ಹಾಗೆ ನೀನು ನಾಳೆ ಓಡಬೇಕಾಗಿಲ್ಲ."